ಹಳೇ ರೈಲು ವ್ಯಾಗನ್‌ಗಳನ್ನು ಓಡಿಸಬೇಕು, ಆದರೆ ಕೆಡಿಸಬಾರದು: ಹೇಗೆ?

ಪ್ರಶ್ನೆ: ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಮಾದರಿ ರೈಲುಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಎಂಜಿನ್ ಒಂದೂ ಇಲ್ಲ. ಬರೀ ವ್ಯಾಗನ್‌ಗಳು, ಸುಮಾರು ಇಪ್ಪತ್ತು. ಹೆಚ್ಚಿನವು ತಗಡಿನವು, ಮೇಲೆ ಹಾರ್ನ್‌ಬಿ ಎಂದಿದೆ. ಮೂರು ಮರದವು, ಪಕ್ಕಕ್ಕೆ ಮುದ್ರಿಸಿದ ಕಾಗದ ಅಂಟಿಸಿದ್ದಾರೆ. ನಾಲ್ಕು ಲೀಮಾ ಕಂಪನಿಯ ಪ್ಲಾಸ್ಟಿಕ್ ವ್ಯಾಗನ್. ಎರಡು ತುಂಬಾ ದೊಡ್ಡವು, ಎಲ್‌ಜಿಬಿ ಅನ್ನುವ ಬ್ರಾಂಡಿನವು. ನನ್ನ ಹತ್ತಿರ ಹೊಸ ಓ ಗೇಜ್ ಎರಡು ಹಳಿಯ ಟ್ರ್ಯಾಕ್ ಇದೆ. ತಗಡಿನ ವ್ಯಾಗನ್ ಇಟ್ಟ ಕೂಡಲೇ ಕಂಟ್ರೋಲರ್ ಟ್ರಿಪ್ ಆಗುತ್ತೆ. ಚಕ್ರ, ಕೊಂಡಿ ಬದಲಿಸಿ, ಹೊಸ ಬಣ್ಣ ಬಳಿದು ಓಡಿಸಬಹುದಾ? ಇನ್ನಷ್ಟು ಕೊಳ್ಳುವಾಗ ಏನು ನೋಡಬೇಕು? ಇನ್ನೊಂದು ವಿಷಯ. ಒಂದು ವ್ಯಾಗನ್‌ಗೆ ಯಾರೋ ಕೈಯಲ್ಲೇ ನೀಲಿ ಬಣ್ಣ ಬಳಿದಿದ್ದಾರೆ. ಎರಡು ತುದಿಯಲ್ಲಿ ಎರಡು ಬೇರೆ ಬೇರೆ ಕೊಂಡಿ ಇವೆ. ಅದನ್ನು ಎಸೆದುಬಿಡಲಾ?

ಉತ್ತರ: ಮೊದಲು ಆ ಬಣ್ಣದ ಡಬ್ಬಿ ಕೆಳಗಿಡಿ. ಚಕ್ರ, ಕೊಂಡಿ, ಸ್ಪ್ರಿಂಗ್ ಎಲ್ಲಾ ಮತ್ತೆ ಸಿಗುತ್ತವೆ, ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಕಾರ್ಖಾನೆಯಲ್ಲಿ ಬಿದ್ದ ಮೊದಲ ಬಣ್ಣ ಮಾತ್ರ ಒಮ್ಮೆ ಹೋದರೆ ಹೋಯಿತು. ಅದಕ್ಕೇ ನಾನು ಯಾವ ಹಳೇ ವ್ಯಾಗನ್ ಕೈಗೆ ಬಂದರೂ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವತ್ತು ಮಾಡಿದ್ದನ್ನು ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದಾ? ಹೌದು ಅಂದರೆ ಮಾಡುತ್ತೇನೆ. ಇಲ್ಲ ಅಂದರೆ ಕೈಕಟ್ಟಿ ಕೂರುತ್ತೇನೆ. ನಿಮ್ಮ ಪೆಟ್ಟಿಗೆಯಲ್ಲಿ ನಾಲ್ಕು ಜಾತಿಯ ವ್ಯಾಗನ್ ಇವೆ. ನಾಲ್ಕಕ್ಕೂ ಈ ಪ್ರಶ್ನೆಯ ಉತ್ತರ ಬೇರೆ ಬೇರೆ.

ಮೊದಲು ಅಳತೆಯ ಗೊಂದಲ ಬಿಡಿಸೋಣ. ಎಲ್‌ಜಿಬಿಯ ಎರಡು ನಿಮ್ಮ ಹಳಿಯ ಮೇಲೆ ಕೂರುವುದೇ ಇಲ್ಲ. ಓ ಗೇಜ್‌ನಲ್ಲಿ ಹಳಿಗಳ ನಡುವಿನ ಅಂತರ 32 ಮಿ.ಮೀ. ಎಲ್‌ಜಿಬಿಗೆ 45 ಮಿ.ಮೀ. ಬೇಕು. ಓ ಅನ್ನುವುದು ಅಕ್ಷರವಲ್ಲ, ಮೊದಲಿಗೆ ಅದು ಸೊನ್ನೆ. ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅಳತೆಗಳನ್ನು ಅಂಕಿ ಹಾಕಿ ಗೊತ್ತುಮಾಡಿತು. ಒಂದನೇ ನಂಬರಿಗಿಂತ ಚಿಕ್ಕದು ಬೇಕಾದಾಗ ಸೊನ್ನೆ ಬಂತು. ಆ ಒಂದನೇ ಗೇಜ್‌ನ ಅಂತರವೂ 45 ಮಿ.ಮೀ. ಹಾಗಂತ ಒಂದನೇ ಗೇಜ್ ವ್ಯಾಗನ್ನೂ ಎಲ್‌ಜಿಬಿ ವ್ಯಾಗನ್ನೂ ಒಂದೇ ಸಾಲಿನಲ್ಲಿ ಕಟ್ಟಿದರೆ ಆನೆ ಪಕ್ಕ ಆಡು ನಿಂತ ಹಾಗೆ ಕಾಣುತ್ತೆ. ಯಾಕೆಂದರೆ ಒಂದನೇ ಗೇಜ್ ದೊಡ್ಡ ರೈಲಿನ ಮಾದರಿ, ಸುಮಾರು 1:32, ಅಂದರೆ ಅಸಲಿಯ 32ರಲ್ಲಿ ಒಂದು ಪಾಲು. 1968ರಲ್ಲಿ ಬಂದ ಎಲ್‌ಜಿಬಿ ಮೀಟರ್ ಗೇಜ್ ರೈಲಿನ ಮಾದರಿ. 1000 ಮಿ.ಮೀ. ಹಳಿಯನ್ನು 45ಕ್ಕೆ ಇಳಿಸಿದರೆ ಸುಮಾರು 1:22.5 ಆಗುತ್ತೆ. ಹಳಿಯ ಅಂತರ ಒಂದೇ, ಮೈಕಟ್ಟು ಬೇರೆ. ಕೊಳ್ಳುವಾಗ ಗೇಜ್ ಮಾತ್ರ ಕೇಳಿ, ಸ್ಕೇಲ್ ಕೇಳದೆ ಬಂದವರು ಬಹಳ ಜನ ಪೇಚಿಗೆ ಸಿಕ್ಕಿದ್ದಾರೆ.

ಈಗ ನಿಮ್ಮ ಕಂಟ್ರೋಲರ್ ಯಾಕೆ ಟ್ರಿಪ್ ಆಗುತ್ತೆ ಅನ್ನುವುದು. ಹಾರ್ನ್‌ಬಿಯವರು ಲಿವರ್‌ಪೂಲ್‌ನಲ್ಲಿ 1920ರಿಂದ ಓ ಗೇಜ್ ರೈಲು ಮಾಡಿದರು. ಅದರಲ್ಲಿ ಬಹುಪಾಲು ಕೀಲಿ ಕೊಟ್ಟು ಓಡಿಸುವವು. ವಿದ್ಯುತ್ತಿನವು ಇದ್ದರೂ ಮಧ್ಯದಲ್ಲಿ ಮೂರನೇ ಹಳಿ ಇರುತ್ತಿತ್ತು. ಕರೆಂಟು ಆ ಮಧ್ಯದ ಹಳಿಯಿಂದ ಬಂದು, ಹೊರಗಿನ ಹಳಿಗಳಿಂದ ವಾಪಸ್ ಹೋಗುತ್ತಿತ್ತು. ಹೊರಗಿನ ಎರಡೂ ಹಳಿ ಒಂದೇ ಕಡೆಗೆ ಸೇರಿದ್ದರಿಂದ ಚಕ್ರವೂ ಲೋಹ, ಆಕ್ಸಲ್ಲೂ ಲೋಹ ಆಗಿದ್ದರೆ ಏನೂ ತೊಂದರೆ ಇರಲಿಲ್ಲ. ನಿಮ್ಮ ಟ್ರ್ಯಾಕ್‌ನಲ್ಲಿ ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಹಳೇ ವ್ಯಾಗನ್ ಇಟ್ಟರೆ ಎರಡರ ನಡುವೆ ಕಬ್ಬಿಣದ ಸರಳು ಇಟ್ಟ ಹಾಗೇ. ಕಂಟ್ರೋಲರ್ ಟ್ರಿಪ್ ಆಗದೆ ಇನ್ನೇನು ಮಾಡೀತು? ವ್ಯಾಗನ್ ಕೆಟ್ಟಿಲ್ಲ, ಟ್ರ್ಯಾಕೂ ಕೆಟ್ಟಿಲ್ಲ.

ಸರಿ, ಒಂದು ಕಡೆಯ ಚಕ್ರಕ್ಕೂ ಆಕ್ಸಲ್‌ಗೂ ನಡುವೆ ಪ್ಲಾಸ್ಟಿಕ್ ಬುಷ್, ಅಂದರೆ ಕರೆಂಟು ತಡೆಯುವ ಚಿಕ್ಕ ಬಳೆ, ಇರುವ ಹೊಸ ಚಕ್ರ ಹಾಕಿದರೆ ಆಯಿತಲ್ಲ, ಅಂದುಕೊಳ್ಳಬಹುದು. ಶಾರ್ಟ್ ಆಗುವುದೇನೋ ನಿಲ್ಲುತ್ತೆ. ಆದರೆ ಇನ್ನೊಂದು ಅಳತೆ ಇದೆ, ಹೊಸಬರು ಅದನ್ನೇ ಮರೆಯುತ್ತಾರೆ. ಜೋಡಿ ಚಕ್ರಗಳ ಒಳಮೈಯಿಂದ ಒಳಮೈಗೆ ಎಷ್ಟು ದೂರ? ಈಗಿನ ಫೈನ್‌ಸ್ಕೇಲ್ ಓ ಗೇಜ್‌ನಲ್ಲಿ, ಅಂದರೆ ಅಸಲಿ ರೈಲಿಗೆ ಹತ್ತಿರದ ನಾಜೂಕು ಅಳತೆಯಲ್ಲಿ, ಇದು 29 ಮಿ.ಮೀ. ಹಳೇ ಒರಟು ಚಕ್ರಗಳಲ್ಲಿ 28, ಕೆಲವು ಸಲ ಅದಕ್ಕೂ ಕಡಿಮೆ. ಒಂದೇ ಮಿಲಿಮೀಟರ್ ತಾನೇ ಅನ್ನಬೇಡಿ. ಫೈನ್‌ಸ್ಕೇಲ್ ಪಾಯಿಂಟ್‌ಗಳಲ್ಲಿ, ಅಂದರೆ ಹಳಿ ಕವಲೊಡೆಯುವ ಕಡೆ, ಚಕ್ರದ ಅಂಚು ಹಾಯಲು ಬಿಡುವ ಸಂದಿ 1.75 ಮಿ.ಮೀ. 32ರಿಂದ ಎರಡು ಸಂದಿ ಕಳೆದರೆ 28.5 ಉಳಿಯಿತು. ಪಾಯಿಂಟ್‌ನ ಒಳಗಿನ ಎರಡು ಕಾವಲು ಹಳಿಗಳ ಹೊರಮೈ ಅಳತೆ ಇಷ್ಟು. 28 ಮಿ.ಮೀ. ಚಕ್ರಜೋಡಿ ಅದನ್ನು ದಾಟುವುದು ಹೇಗೆ? ಹತ್ತಿ ಕೂರುತ್ತೆ, ಇಲ್ಲವೇ ಉರುಳುತ್ತೆ. ಹಳೇ ಚಕ್ರದ ಅಂಚು ಆಳವೂ ಜಾಸ್ತಿ. ತಗ್ಗು ಹಳಿಯ ಮೇಲೆ ಅದು ಸ್ಲೀಪರ್‌ಗೆ ಹಳಿ ಹಿಡಿದಿಡುವ ಚೇರ್‌ಗಳಿಗೆ ಟಕಟಕ ಬಡಿಯುತ್ತಾ ಹೋಗುತ್ತೆ. ಒಂದು ವರ್ನಿಯರ್ ಕ್ಯಾಲಿಪರ್ ತಗೊಳ್ಳಿ. ಈ ಹವ್ಯಾಸದಲ್ಲಿ ಅದಕ್ಕಿಂತ ಉಪಯೋಗದ ಸಾಮಾನು ನನಗೆ ಗೊತ್ತಿಲ್ಲ.

ಇಲ್ಲಿ ನನ್ನ ಸ್ವಂತ ಅಭಿಪ್ರಾಯ ಹೇಳಿಬಿಡುತ್ತೇನೆ, ಕೆಲವರು ಒಪ್ಪುವುದಿಲ್ಲ. ನಿಮ್ಮ ತಗಡಿನ ವ್ಯಾಗನ್‌ಗಳಲ್ಲಿ ಬಣ್ಣ ಚೆನ್ನಾಗಿರುವವನ್ನು ಆರಿಸಿ ಬೇರೆ ಇಡಿ. ಅವಕ್ಕೆ ಹೊಸ ಚಕ್ರ ಹಾಕಬೇಡಿ. ಬದಲಿಗೆ ಅವಕ್ಕೆ ತಕ್ಕ ಹಳಿ ಹಾಕಿ. ಹಳೇ ತಗಡಿನ ಟ್ರ್ಯಾಕ್ ಇನ್ನೂ ಸಿಗುತ್ತೆ. ಹಾರ್ನ್‌ಬಿಯ ದೊಡ್ಡ ತಿರುವಿನ ತ್ರಿಜ್ಯ 2 ಅಡಿ. ಅಂದರೆ ನಾಲ್ಕೂವರೆ ಅಡಿ ಅಗಲದ ಜಾಗದಲ್ಲಿ ಒಂದು ಸುತ್ತು ಬರುತ್ತೆ. ನೆಲದ ಮೇಲೆ ಹಾಸಿ, ಆಡಿ, ತೆಗೆದಿಡಿ. ಈ ವ್ಯಾಗನ್‌ಗಳು ಹುಟ್ಟಿದ್ದೇ ಹಾಗೆ ಓಡುವುದಕ್ಕೆ. ಅವು ನಿಜವಾದ ವ್ಯಾಗನ್‌ನ ಅಳತೆಗೆ ಸರಿಯಾಗಿಯೂ ಇಲ್ಲ. ಮೊಟಕು, ಗುಂಡುಗುಂಡು, ಆಟಿಕೆಯೇ. ಕೆಳಗೆ ಸಣ್ಣ ನಾಜೂಕು ಚಕ್ರ ಹಾಕಿದರೆ ಅಜ್ಜನಿಗೆ ಓಟದ ಶೂ ತೊಡಿಸಿದ ಹಾಗೆ ಕಾಣುತ್ತೆ.

ಆದರೆ ಎಲ್ಲವೂ ಹಾಗಿರುವುದಿಲ್ಲ. ತುಕ್ಕು ತಿಂದವು, ಬೇರೆಯವರು ಬಣ್ಣ ಬಳಿದವು, ಚಕ್ರ ಮುರಿದವು ಇದ್ದೇ ಇರುತ್ತವೆ. ನಿಮ್ಮ ಹೊಸ ಹಳಿಗೆ ಇಳಿಸಬೇಕಾದವು ಇವು.

ಚಕ್ರ ಮುರಿದವು ಅಂದೆನಲ್ಲ, ಅದು ಸುಮ್ನೆ ಅಂದದ್ದಲ್ಲ. ಹಳೇ ವ್ಯಾಗನ್ ಕೊಳ್ಳುವವರೆಲ್ಲ ತಿಳಿದಿರಬೇಕಾದ ಕಾಯಿಲೆ ಒಂದಿದೆ. ಎರಡು ಮಹಾಯುದ್ಧಗಳ ನಡುವಿನ ಕಾಲದ ಎರಕದ ಚಕ್ರ, ಬೋಗಿ (ಉದ್ದ ವ್ಯಾಗನ್ನಿನ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು), ಬಫರ್‌ಗಳು (ತುದಿಯಲ್ಲಿ ಡಿಕ್ಕಿ ತಡೆಯುವ ಗುಂಡು ತಟ್ಟೆಗಳು) ಎಷ್ಟೋ ಸಲ ಸತುವಿನ ಮಿಶ್ರಲೋಹದವು. ಆ ಸತುವಿಗೆ ಸ್ವಲ್ಪವೇ ಸೀಸ ಬೆರೆತಿದ್ದರೂ ಸಾಕು, ಹತ್ತಾರು ವರ್ಷದಲ್ಲಿ ಲೋಹದ ಹರಳುಗಳ ನಡುವೆ ಒಳಗಿಂದಲೇ ಕೊರೆತ ಶುರುವಾಗುತ್ತೆ. ಮೊದಲು ಕೂದಲೆಳೆಯಂಥ ಬಿರುಕು. ಆಮೇಲೆ ಚಕ್ರ ಊದಿಕೊಳ್ಳುತ್ತೆ, ಸೊಟ್ಟಗಾಗುತ್ತೆ. ಕೊನೆಗೆ ಬಿಸ್ಕತ್ತಿನ ಹಾಗೆ ಪುಡಿ. ತೇವ ಇದ್ದರೆ ಇನ್ನೂ ಬೇಗ. ಕೆಲವರು ಇದನ್ನು ಲೋಹಕ್ಕೆ ದಣಿವು ಅನ್ನುತ್ತಾರೆ, ಅದು ತಪ್ಪು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ವ್ಯಾಗನ್‌ಗೆ ದಣಿವೆಲ್ಲಿಂದ ಬರಬೇಕು? ಎರಕ ಹೊಯ್ದ ದಿನವೇ ಸೇರಿದ ಕಲಬೆರಕೆ ಅದು. ಪಕ್ಕದ ವ್ಯಾಗನ್‌ಗೆ ಅಂಟುವ ರೋಗವೂ ಅಲ್ಲ. ಹಾಗೇ, ಅದಕ್ಕೆ ಮದ್ದೂ ಇಲ್ಲ. ಅಂಟು ತುಂಬಿದರೂ, ಬಣ್ಣ ಬಳಿದರೂ ಒಳಗಿನ ಕೆಲಸ ನಡೆದೇ ಇರುತ್ತೆ. ಊದಿದ ಎರಕ ತಗಡಿನ ಚೌಕಟ್ಟನ್ನೂ ಬಗ್ಗಿಸುತ್ತೆ, ಆದ್ದರಿಂದ ಬಿರುಕು ಕಂಡ ತುಂಡನ್ನು ಬಿಚ್ಚಿ ತೆಗೆಯಿರಿ. ಬಿರುಕು ಬಿಟ್ಟ ಚಕ್ರದಲ್ಲಿ ಗಾಡಿ ಓಡಿಸಬೇಡಿ.

ಹಾಗಾಗಿ ಪೆಟ್ಟಿಗೆಯ ಎಲ್ಲಾ ವ್ಯಾಗನ್‌ಗಳನ್ನು ತಲೆಕೆಳಗು ಮಾಡಿ, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಚಕ್ರ ನೋಡಿ. ಒಂದು ಸಂಜೆಯ ಕೆಲಸ. ಅದನ್ನು ಮುಗಿಸಿಯೇ ಬೇರೆ ಕೆಲಸಕ್ಕೆ ಕೈ ಹಾಕಿ.

ಚಕ್ರ ಬದಲಿಸುವಾಗ ಒಂದು ಆಸೆ ಹುಟ್ಟುತ್ತೆ. ಹೊಸ ಆಕ್ಸಲ್ ದಪ್ಪ ಇದ್ದರೆ, ತಗಡಿನ ತೂತನ್ನು ಡ್ರಿಲ್ ಹಾಕಿ ಸ್ವಲ್ಪ ದೊಡ್ಡದು ಮಾಡಿಬಿಡೋಣ ಅಂತ. ಬೇಡ. ಕೊರೆದದ್ದನ್ನು ತುಂಬಲು ಆಗಲ್ಲ. ತೂತಿಗಿಂತ ತೆಳ್ಳಗಿನ ಆಕ್ಸಲ್ ಹುಡುಕಿ, ಸುತ್ತ ಹಿತ್ತಾಳೆ ಕೊಳವೆಯ ಚಿಕ್ಕ ತುಂಡನ್ನು ಬುಷ್ ಮಾಡಿ ಕೂರಿಸಿ. ಬೇಕಾದಾಗ ತೆಗೆಯಬಹುದು. ಇನ್ನು ಬಫರ್ ಎತ್ತರ. ಚಕ್ರದ ವ್ಯಾಸ ಬದಲಾದರೆ ವ್ಯಾಗನ್ ಏರುತ್ತೆ ಇಲ್ಲವೇ ಇಳಿಯುತ್ತೆ. ಬ್ರಿಟಿಷ್ ಗೂಡ್ಸ್ ವ್ಯಾಗನ್‌ನ ಚಕ್ರ ಸಾಮಾನ್ಯವಾಗಿ 3 ಅಡಿ 1 ಅಂಗುಲ. ಬ್ರಿಟನ್ನಿನ ಓ ಸ್ಕೇಲ್‌ನಲ್ಲಿ, ಅಂದರೆ ಒಂದು ಅಡಿಗೆ 7 ಮಿ.ಮೀ. ಲೆಕ್ಕದಲ್ಲಿ, ಅದು ಸುಮಾರು 21.6 ಮಿ.ಮೀ. ಬಫರ್‌ನ ನಡುಭಾಗ ಹಳಿಯಿಂದ ಸುಮಾರು 24 ಮಿ.ಮೀ. ಎತ್ತರದಲ್ಲಿರಬೇಕು. ತಗಡಿನ ಆಟಿಕೆಗೆ ಇದು ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೆ ಸಾಲಿನಲ್ಲಿರುವ ಎಲ್ಲಾ ವ್ಯಾಗನ್‌ಗಳ ಬಫರ್ ಒಂದೇ ಎತ್ತರಕ್ಕೆ ಬರಲಿ. ಇಲ್ಲದಿದ್ದರೆ ಹಿಂದಕ್ಕೆ ತಳ್ಳುವಾಗ ಒಂದರ ಬಫರ್ ಇನ್ನೊಂದರ ಕೆಳಗೆ ನುಗ್ಗುತ್ತೆ.

ಬಿಚ್ಚುವಾಗ ಮೈಮೇಲೆ ಎಚ್ಚರ ಇರಲಿ. ಈ ವ್ಯಾಗನ್‌ಗಳ ಮೇಲ್ಭಾಗವನ್ನು ಚೌಕಟ್ಟಿಗೆ ಹಿಡಿದಿಡುವುದು ತಗಡಿನ ಸಣ್ಣ ಕಿವಿಗಳು. ಅವನ್ನು ಒಂದು ಸಲ ಬಗ್ಗಿಸಬಹುದು, ಎರಡನೇ ಸಲವೂ ತಡೆದುಕೊಳ್ಳಬಹುದು. ಮೂರನೇ ಸಲಕ್ಕೆ ಕಿತ್ತು ಕೈಗೆ ಬರುತ್ತೆ. ತೊಂಬತ್ತು ಡಿಗ್ರಿ ನೆಟ್ಟಗೆ ಮಾಡಬೇಕಿಲ್ಲ, ಸೀಳಿನಿಂದ ಜಾರುವಷ್ಟು ಎತ್ತಿದರೆ ಸಾಕು. ಕೆಲಸ ಬಿಚ್ಚದೆಯೇ ಆಗುವಂತಿದ್ದರೆ ಬಿಚ್ಚಲೇಬೇಡಿ. ಬೆಸುಗೆ ಹಾಕುವ ಯೋಚನೆ ಇದ್ದರೆ ಅದನ್ನೂ ಕೈಬಿಡಿ. ತಗಡಿನ ಒಳಗೆ ಬೆಸುಗೆಯ ಕಾವು ಹಿಡಿದರೆ ಹೊರಗೆ ಮುದ್ರಿಸಿದ ಬಣ್ಣ ಗುಳ್ಳೆ ಏಳುತ್ತೆ.

ಕೊಳೆ ತೆಗೆಯುವ ವಿಷಯದಲ್ಲಿ ನಾನೇ ಪಾಠ ಕಲಿತವನು. ಶುರುವಿನಲ್ಲಿ ನನಗೆ ಒಂದು ಬಿಸ್ಕತ್ತು ಕಂಪನಿಯ ಹೆಸರಿನ ತಗಡಿನ ವ್ಯಾನ್ ಸಿಕ್ಕಿತ್ತು. ಮೇಲೆ ಕಂದು ಬಣ್ಣದ ಪದರ. ಕೊಳೆ ಅಂದುಕೊಂಡು ಹತ್ತಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಹತ್ತಿ ಹಳದಿಯಾಯಿತು, ಖುಷಿಯಾಯಿತು. ಮತ್ತೆ ಉಜ್ಜಿದೆ. ಹತ್ತಿ ಕೆಂಪಾಯಿತು. ಆಗ ಎದೆ ಧಸಕ್ಕೆಂದಿತು. ನಾನು ಉಜ್ಜಿ ತೆಗೆದದ್ದು ಕೊಳೆಯಲ್ಲ, ವಾರ್ನಿಷ್. ಅದರ ಹಿಂದೆಯೇ ಕಂಪನಿಯ ಹೆಸರಿನ ಎರಡು ಅಕ್ಷರ. ಆ ವ್ಯಾನ್ ಇವತ್ತೂ ನನ್ನ ಕಪಾಟಿನಲ್ಲಿದೆ. ಅಕ್ಷರ ಹೋದ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.

ಅಂದಿನಿಂದ ನನ್ನ ಕ್ರಮ ಇಷ್ಟೇ. ಮೊದಲು ಮೆತ್ತನೆ ಬ್ರಷ್‌ನಿಂದ ಧೂಳು ಹೊಡೆಯುವುದು. ಆಮೇಲೆ ಉಗುರುಬೆಚ್ಚನೆ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪು, ಅದರಲ್ಲಿ ಅದ್ದಿ ಹಿಂಡಿದ ಹತ್ತಿಯ ಕಡ್ಡಿ. ಮೊದಲು ಕಾಣದ ಮೂಲೆಯಲ್ಲಿ ಒರೆಸಿ ಹತ್ತಿ ನೋಡುವುದು. ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸುವುದು. ಒರೆಸಿದ ಕೂಡಲೇ ಒಣಬಟ್ಟೆ, ಯಾಕೆಂದರೆ ಮಡಿಕೆಗಳಲ್ಲಿ ನಿಂತ ನೀರು ಮರುದಿನಕ್ಕೆ ತುಕ್ಕು. ಕೊನೆಗೆ ವಸ್ತುಸಂಗ್ರಹಾಲಯಗಳಲ್ಲಿ ಬಳಸುವಂಥ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬೆರಳಿಗೆ ತಾಗಿದಷ್ಟೇ ತೆಗೆದುಕೊಂಡು ಸವರುವುದು. ತೀರಾ ನುಣುಪಾದ ಉಕ್ಕಿನ ನಾರಿನಿಂದ ತುಕ್ಕು ಉಜ್ಜುವುದು ಬಣ್ಣವಿಲ್ಲದ ಕೆಳಮೈಗೆ ಮಾತ್ರ. ಉಪ್ಪುಕಾಗದ ಹತ್ತಿರ ತರಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುತ್ತೆ, ಒಣಗಿದ್ದನ್ನು ಉಜ್ಜಿದರೆ ಆ ಪುಡಿ ಮೂಗಿಗೆ ಹೋಗುತ್ತೆ. ಮಕ್ಕಳಿರುವ ಮನೆಯಾದರೆ ಇನ್ನೂ ಜಾಗ್ರತೆ.

ಮರದ ವ್ಯಾಗನ್‌ಗಳ ಕಥೆ ಬೇರೆ. ಬ್ರಿಟನ್ನಿನಲ್ಲಿ ಲೀಡ್ಸ್ ಮಾಡೆಲ್ ಕಂಪನಿಯಂಥವರು ಮರದ ಡಬ್ಬಿಗೆ ಮುದ್ರಿಸಿದ ಕಾಗದ ಅಂಟಿಸಿ ವ್ಯಾಗನ್ ಮಾಡುತ್ತಿದ್ದರು. ನೋಡಲು ತಗಡಿನವಕ್ಕಿಂತ ಎಷ್ಟೋ ಅಸಲಿ. ಹಲಗೆಯ ಗೆರೆ, ಬೋಲ್ಟು, ಕಂಪನಿಯ ಹೆಸರು ಎಲ್ಲವೂ ಕಾಗದದ ಮೇಲೆ. ನೀರು ತಾಗಿದರೆ ಮಾತ್ರ ಮುಗಿಯಿತು. ಮೆತ್ತನೆ ರಬ್ಬರಿನ ಪುಡಿಯನ್ನು ಉದುರಿಸಿ, ಬೆರಳ ತುದಿಯಲ್ಲಿ ಮೆಲ್ಲಗೆ ಆಡಿಸಿ, ಬ್ರಷ್‌ನಿಂದ ತಳ್ಳಿಬಿಡಿ. ಕಾಗದದ ಅಂಚು ಎದ್ದಿದ್ದರೆ ಗೋಧಿ ಪಿಷ್ಟದ ಅಂಟು ಹಚ್ಚಿ ಕೂರಿಸಿ. ಹಳೇ ಕಾಗದಪತ್ರ ಕಾಪಾಡುವವರು ಬಳಸುವುದೂ ಇದನ್ನೇ, ಬೇಕಾದಾಗ ತೇವ ಮಾಡಿ ಬಿಡಿಸಬಹುದು. ಅಡುಗೆಮನೆಯ ಮೈದಾ ಗೋಂದು ಹತ್ತಿರದ ನೆಂಟನೇ, ಆದರೆ ಹುಳುಗಳಿಗೆ ಅದು ಹಬ್ಬದೂಟ. ದಿಢೀರ್ ಅಂಟುಗಳನ್ನು ಹಚ್ಚಿದರೆ ಕಾಗದದಲ್ಲಿ ಅಳಿಸಲಾಗದ ಕಲೆ. ಈ ಮೂರು ವ್ಯಾಗನ್‌ಗಳಿಗೆ ಚಕ್ರ ಬದಲಿಸಲು ನನ್ನ ಅಡ್ಡಿಯಿಲ್ಲ. ಚಕ್ರ ಹಿಡಿದ ಬಿಡಿಭಾಗಗಳು ಮರದಿಂದ ಬೇರೆಯಾಗಿ ಬರುವಂತಿದ್ದರೆ ಹಳೆಯದನ್ನು ಇಡಿಯಾಗಿ ತೆಗೆದಿಟ್ಟು ಹೊಸದು ಕೂರಿಸಿ. ಹಳೇ ತೂತುಗಳನ್ನೇ ಬಳಸಿ.

ಕೈ ತುರಿಸುತ್ತಿದೆ, ಏನಾದರೂ ಕೊಯ್ದು ಕತ್ತರಿಸಿ ಬಣ್ಣ ಬಳಿಯಬೇಕು ಅಂತಿದೆ, ಅಲ್ವಾ? ಅದಕ್ಕೇ ಲೀಮಾ ಇರುವುದು. ಇಟಲಿಯ ಈ ಕಂಪನಿ 1970ರ ದಶಕದಲ್ಲಿ ಪ್ಲಾಸ್ಟಿಕ್‌ನಲ್ಲಿ ಅಗ್ಗದ ಓ ಗೇಜ್ ವ್ಯಾಗನ್‌ಗಳನ್ನು ತಂದಿತು. ಸಂಖ್ಯೆಯಲ್ಲಿ ಬೇಕಾದಷ್ಟಿವೆ, ಮೈ ಕೂಡ ಚೆನ್ನಾಗಿದೆ. ಬಡಕಲಾಗಿರುವುದು ಚಕ್ರ ಮತ್ತು ಕೊಂಡಿ ಮಾತ್ರ. ನಿಮ್ಮ ಹೊಸ ಹಳಿಯ ಮೇಲೆ ಓಡಿಸಲು, ಕಲಿಯಲು, ತಪ್ಪು ಮಾಡಲು ಇವೇ ಸರಿ. ಆಳದ ಅಂಚಿನ ಆ ಪ್ಲಾಸ್ಟಿಕ್ ಚಕ್ರ ತೆಗೆದು 29 ಮಿ.ಮೀ. ಅಂತರದ ಲೋಹದ ಚಕ್ರ ಹಾಕಿ. ಒಂದೇ ಬದಲಾವಣೆಗೆ ಮೂರು ಲಾಭ. ಪಾಯಿಂಟ್ ದಾಟುತ್ತೆ, ಭಾರ ಕೆಳಭಾಗದಲ್ಲಿ ಕೂರುತ್ತೆ, ಹಳಿಯ ಮೇಲೆ ಕಪ್ಪು ಮಸಿ ಮೆತ್ತುವುದು ಕಡಿಮೆಯಾಗುತ್ತೆ. ಪ್ಲಾಸ್ಟಿಕ್ ಚಕ್ರ ಆ ಮಸಿಯನ್ನು ಎತ್ತಿಕೊಂಡು ಎಲ್ಲಾ ಕಡೆ ಹಂಚುತ್ತಾ ಹೋಗುತ್ತೆ.

ಆಮೇಲೆ ಗಾಜಿನ ಹಲಗೆಯ ಮೇಲೆ ಇಟ್ಟು ಮೂಲೆ ಒತ್ತಿ ನೋಡಿ. ನಾಲ್ಕು ಚಕ್ರದ ವ್ಯಾಗನ್ ಮುಕ್ಕಾಲಿ ಅಲ್ಲ. ಒಂದು ಚಕ್ರ ಸ್ವಲ್ಪ ಮೇಲಿದ್ದರೂ ತಿರುವಿನಲ್ಲಿ ಅದೇ ಮೊದಲು ಹಳಿ ಬಿಡುವುದು. ಸುಲಭ ಪರಿಹಾರ ಅಂದರೆ ಒಂದು ಆಕ್ಸಲ್ಲನ್ನು ಗಟ್ಟಿಯಾಗಿ ಬಿಟ್ಟು, ಇನ್ನೊಂದನ್ನು ನಡುವೆ ಒಂದು ಉದ್ದುದ್ದ ತಂತಿಯ ಮೇಲೆ ತೂಗುಹಲಗೆಯಂತೆ ಎಡಬಲಕ್ಕೆ ವಾಲುವ ಹಾಗೆ ಕೂರಿಸುವುದು. ಆಗ ಹಳಿ ಏರುಪೇರಿದ್ದರೂ ನಾಲ್ಕು ಚಕ್ರವೂ ನೆಲ ಕಚ್ಚಿರುತ್ತವೆ. ಇಂಥದ್ದನ್ನು ಹಾರ್ನ್‌ಬಿಯ ಮೇಲೆ ಪ್ರಯೋಗಿಸಬೇಡಿ. ಲೀಮಾ ಮೇಲೆ ಮನಸೋ ಇಚ್ಛೆ ಮಾಡಿ.

ತೂಕದ ಬಗ್ಗೆ ಅಮೆರಿಕದ ಮಾದರಿ ರೈಲು ಸಂಘದ ಲೆಕ್ಕ ಒಂದಿದೆ. ಓ ಸ್ಕೇಲ್‌ನಲ್ಲಿ 5 ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ 1 ಔನ್ಸ್. ಆರು ಅಂಗುಲದ ವ್ಯಾಗನ್‌ಗೆ 11 ಔನ್ಸ್, ಅಂದರೆ 300 ಗ್ರಾಂ ಮೇಲಾಯಿತು. ಅದು ಅಲ್ಲಿನ ಉದ್ದ ಬೋಗಿ ವ್ಯಾಗನ್‌ಗಳಿಗೆ ಸರಿ. ನಾಲ್ಕು ಚಕ್ರದ ಗಿಡ್ಡ ವ್ಯಾಗನ್‌ಗೆ ಇದು ಜಾಸ್ತಿ ಅಂತ ನನ್ನ ಅನುಭವ, ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು. ತೂಕ ಎಷ್ಟು ಅನ್ನುವುದಕ್ಕಿಂತ ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕ ಇರುವುದು ಮುಖ್ಯ. ಉದ್ದ ಗಾಡಿಯ ಮುಂಭಾಗದಲ್ಲಿ ಒಂದು ಹಗುರ ವ್ಯಾಗನ್ ಸಿಕ್ಕಿಕೊಂಡರೆ ತಿರುವಿನಲ್ಲಿ ಹಿಂದಿನವುಗಳ ಎಳೆತಕ್ಕೆ ಅದು ಒಳಗಡೆ ಮಗುಚುತ್ತೆ. ಇನ್ನೊಂದು ಎಚ್ಚರಿಕೆ. ಸೀಸದ ಗುಂಡುಗಳನ್ನು ಮರಕ್ಕೆ ಹಚ್ಚುವ ಬಿಳಿ ಅಂಟಿನಲ್ಲಿ ಹಾಕಿ ಮುಚ್ಚಬೇಡಿ. ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬಿ, ವ್ಯಾಗನ್ನಿನ ಹೊಟ್ಟೆಯನ್ನೇ ಸೀಳಿಬಿಡುತ್ತೆ. ಕಬ್ಬಿಣದ ತುಂಡು ಇಡಿ, ಎಪಾಕ್ಸಿಯಲ್ಲಿ ಅಂಟಿಸಿ.

ಎಲ್‌ಜಿಬಿಯ ಬಗ್ಗೆ ಎರಡೇ ಮಾತು. ಅವಕ್ಕೂ ಲೋಹದ ಚಕ್ರ ಹಾಕಿದರೆ ಓಟ ಬದಲಾಗುತ್ತೆ. ಕೊಂಡಿ ಬದಲಿಸುವ ಮುನ್ನ ನಿಮ್ಮ ತಿರುವು ಅಳೆಯಿರಿ. ಅವರ ಅತಿ ಚಿಕ್ಕ ತಿರುವಿನ ತ್ರಿಜ್ಯ 600 ಮಿ.ಮೀ. ಅಷ್ಟು ಕಿರಿದಾದ ತಿರುವಿನಲ್ಲಿ ಕೊಂಡಿ ಬೋಗಿಯ ಜೊತೆ ತಿರುಗಬೇಕು. ವ್ಯಾಗನ್ನಿನ ಮೈಗೇ ಕೊಂಡಿ ಬಿಗಿದರೆ ಹಿಂದಕ್ಕೆ ತಳ್ಳಲು ಸೊಗಸು, ಆದರೆ ಕಿರಿದಾದ ತಿರುವಿನಲ್ಲಿ ಪಕ್ಕದ ವ್ಯಾಗನ್ನನ್ನು ಹಳಿಯಿಂದ ಎಳೆದು ಹಾಕುತ್ತೆ.

ಕೊಳ್ಳುವ ವಿಷಯಕ್ಕೆ ಬರೋಣ. ಮೇಲೆ ಬರೆದ ಅಕ್ಷರಗಳಿಂದ ಕಾಲ ಅಂದಾಜು ಮಾಡಬಹುದು, ಆದರೆ ಒಂದೇ ದಿಕ್ಕಿನಲ್ಲಿ. ಬ್ರಿಟನ್ನಿನ ಬಹುತೇಕ ರೈಲು ಕಂಪನಿಗಳು 1923ರಲ್ಲಿ ಸೇರಿ ನಾಲ್ಕಾದವು. 1948ರಲ್ಲಿ ಎಲ್ಲವೂ ಸರ್ಕಾರದ ಬ್ರಿಟಿಷ್ ರೈಲ್ವೇಸ್ ಆಯಿತು. ಹಾಗಾಗಿ ಆ ನಾಲ್ಕರಲ್ಲಿ ಒಂದಾದ ಎಲ್‌ಎಂಎಸ್ ಹೆಸರಿರುವ ವ್ಯಾಗನ್ 1923ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆಮೇಲೆ ಎಷ್ಟು ವರ್ಷದ್ದು ಅಂತ ಅಕ್ಷರ ಹೇಳುವುದಿಲ್ಲ. ಹಾರ್ನ್‌ಬಿಯ ಮೊದಮೊದಲ ವ್ಯಾಗನ್‌ಗಳನ್ನು ಗುರುತಿಸುವುದು ಸುಲಭ. ಅವನ್ನು ಮೆಕ್ಯಾನೋ ಅನ್ನುವ ಜೋಡಣೆ ಆಟಿಕೆಯ ಹಾಗೆ ನಟ್ಟು ಬೋಲ್ಟು ಹಾಕಿ ಜೋಡಿಸಿದ್ದಾರೆ, ಅಕ್ಷರಗಳು ಲೋಹದವು, ಪಕ್ಕಕ್ಕೆ ಸಿಕ್ಕಿಸಿರುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕರೆ ಸ್ಕ್ರೂಡ್ರೈವರ್ ದೂರ ಇಡಿ.

ಅಸಲಿಯೋ, ಮತ್ತೆ ಬಣ್ಣ ಬಳಿದದ್ದೋ ಅಂತ ತಿಳಿಯಲು ಮೇಲಿನಿಂದ ನೋಡಿ ಉಪಯೋಗವಿಲ್ಲ, ಕೆಳಗಿನಿಂದ ನೋಡಿ. ಒಮ್ಮೆ ನಾನು ಹೊಳೆಯುವ ಹಸಿರು ವ್ಯಾಗನ್ ಒಂದನ್ನು ಮೂಲ ಬಣ್ಣದ್ದು ಅನ್ನುವ ಮಾತು ನಂಬಿ ಕೊಂಡೆ. ಮನೆಗೆ ತಂದು ತಿರುಗಿಸಿದರೆ ತಗಡಿನ ಕಿವಿಗಳ ಮಡಿಕೆಯ ಮೇಲೂ ಹಸಿರು ಹರಿದಿತ್ತು. ಬಣ್ಣ ಹಚ್ಚಿದ ತಗಡನ್ನು ಕಾರ್ಖಾನೆಯಲ್ಲಿ ಮಡಚಿದ್ದರೆ ಮಡಿಕೆಯಲ್ಲಿ ಬಣ್ಣ ಬಿರಿದಿರಬೇಕಿತ್ತು. ಅಂದರೆ ಜೋಡಿಸಿ ಎಷ್ಟೋ ವರ್ಷದ ಮೇಲೆ ಯಾರೋ ಬ್ರಷ್ ಆಡಿಸಿದ್ದಾರೆ. ಕೊಟ್ಟವರಿಗೇ ಅದು ಗೊತ್ತಿತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ. ಸವೆತವನ್ನೂ ನೋಡಿ. ಮಕ್ಕಳು ಹಿಡಿಯುವ ಕಡೆ, ಕೊಂಡಿಯ ಹತ್ತಿರ, ಚಾವಣಿಯ ಅಂಚಿನಲ್ಲಿ ಸವೆದಿರಬೇಕು. ಚಕ್ರ ಪೂರ್ತಿ ಸವೆದು ಮೈ ಮಾತ್ರ ಥಳಥಳ ಅಂದರೆ ಅನುಮಾನ ಪಡಿ. ನೇರಳಾತೀತ ಬೆಳಕಿನ ಚಿಕ್ಕ ಟಾರ್ಚ್ ಇದ್ದರೆ ಕಾಗದದ ವ್ಯಾಗನ್ ಮೇಲೆ ಬಿಡಿ. ಈ ಕಾಲದ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಸಾಮಾನ್ಯ, ಅದು ನೀಲಿಯಾಗಿ ಮಿನುಗುತ್ತೆ. ಎರಡನೇ ಮಹಾಯುದ್ಧಕ್ಕೆ ಮುಂಚಿನದು ಅನ್ನುವ ಕಾಗದ ಹಾಗೆ ಮಿನುಗಿದರೆ ಅದು ಆಮೇಲೆ ಅಂಟಿಸಿದ್ದು.

ಹೊಸ ಬಣ್ಣ ಬಳಿಯಲೇಬಾರದಾ? ಮೂಲ ಬಣ್ಣ ಪೂರ್ತಿ ಹೋಗಿ ಬರೀ ತುಕ್ಕು ಉಳಿದಿದ್ದರೆ ಬಳಿಯಿರಿ, ತಗಡಾದರೂ ಉಳಿಯುತ್ತೆ. ಬಳಿದ ಮೇಲೆ ಕೆಳಗೆ ಒಳಬದಿಯಲ್ಲಿ ಇಸವಿ ಬರೆಯಿರಿ, ಮರುಬಣ್ಣ ಅಂತ ಬರೆಯಿರಿ. ಮುಂದೆ ಇದನ್ನು ಕೊಳ್ಳುವವರು ನನ್ನ ಹಾಗೆ ಮೋಸ ಹೋಗುವುದು ಬೇಡ.

ತೆಗೆದಿಡುವಾಗ ಸ್ಪಂಜಿನ ಹಾಸು ಬೇಡ. ವರ್ಷಗಳು ಕಳೆದರೆ ಅದು ಜಿಗುಟಾಗಿ ಬಣ್ಣಕ್ಕೆ ಅಂಟುತ್ತೆ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಯ ಅಚ್ಚು ಬೀಳುತ್ತೆ. ಆಮ್ಲವಿಲ್ಲದ ತೆಳು ಕಾಗದ ಸುತ್ತಿ. ಹೊಸ ಮರದ ಪೆಟ್ಟಿಗೆ ಚಂದ ಕಾಣುತ್ತೆ, ಆದರೆ ಓಕ್‌ನಂಥ ಮರಗಳಿಂದ ಹೊರಡುವ ಆಮ್ಲದ ಆವಿ ಸೀಸದ ಎರಕವನ್ನು ತಿನ್ನುತ್ತೆ. ಹಳೇ ರಟ್ಟಿನ ಡಬ್ಬಿಗಳಿದ್ದರೆ ಹರಿದಿದ್ದರೂ ಎಸೆಯಬೇಡಿ. ತೆಗೆದ ಪ್ರತಿ ಚಕ್ರ, ಸ್ಕ್ರೂ, ಕೊಂಡಿಯನ್ನು ಚಿಕ್ಕ ಚೀಲಕ್ಕೆ ಹಾಕಿ, ಯಾವ ವ್ಯಾಗನ್ನದು ಅಂತ ಚೀಟಿ ಇಡಿ. ಇದನ್ನು ನಾಳೆ ಮಾಡುತ್ತೇನೆ ಅಂದುಕೊಂಡರೆ ಮುಗಿಯಿತು, ಮೂರು ತಿಂಗಳಾದ ಮೇಲೆ ಯಾವ ಸ್ಕ್ರೂ ಯಾವುದರದ್ದು ಅಂತ ದೇವರಿಗೇ ಗೊತ್ತು.

ಇನ್ನು ಕೊಂಡಿ ಮತ್ತು ಆ ನೀಲಿ ವ್ಯಾಗನ್. ಇವೆರಡನ್ನೂ ಬೇಕೆಂದೇ ಕೊನೆಗೆ ಇಟ್ಟುಕೊಂಡೆ.

ನಿಮ್ಮ ಹತ್ತಿರ ಕಡಿಮೆ ಅಂದರೂ ಮೂರು ಬಗೆಯ ಕೊಂಡಿ ಇರಬೇಕು. ಹಾರ್ನ್‌ಬಿಯಲ್ಲೇ ಹಳೇ ಕೊಕ್ಕೆ ಬಳೆಯದು ಒಂದು, ಆಮೇಲೆ ಬಂದ ತಾನೇ ಸಿಕ್ಕಿಕೊಳ್ಳುವುದು ಇನ್ನೊಂದು. ಲೀಮಾದ ಪ್ಲಾಸ್ಟಿಕ್ ಕೊಂಡಿ ಬೇರೆ. ಮುಂದೆ ನೀವು ಕೊಳ್ಳುವ ಹೊಸ ಎಂಜಿನ್‌ಗೆ ಬಹುಶಃ ಅಸಲಿ ರೈಲಿನಂತೆ ಕೊಕ್ಕೆ ಮತ್ತು ಮೂರು ಕೊಂಡಿಯ ಸರಪಳಿ. ಎಲ್ಲಕ್ಕೂ ಒಂದೇ ಬಗೆ ಹಾಕಬೇಕು ಅಂತ ಹೊರಟರೆ ಇಪ್ಪತ್ತು ವ್ಯಾಗನ್ನಿನ ನಲವತ್ತು ತುದಿ ಕೊಯ್ಯಬೇಕು. ದೊಡ್ಡ ರೈಲಿನಲ್ಲೂ ಈ ಸಮಸ್ಯೆ ಇತ್ತು, ಇವತ್ತಿಗೂ ಇದೆ. ಅಲ್ಲಿನವರು ಎಲ್ಲಾ ವ್ಯಾಗನ್‌ಗಳನ್ನು ಬದಲಿಸಲು ಹೋಗುವುದಿಲ್ಲ. ಒಂದು ತುದಿಗೆ ಒಂದು ಕೊಂಡಿ, ಇನ್ನೊಂದು ತುದಿಗೆ ಇನ್ನೊಂದು ಕೊಂಡಿ ಇರುವ ಒಂದೇ ವ್ಯಾಗನ್ ಇಟ್ಟುಕೊಂಡು, ಎಂಜಿನ್‌ಗೂ ಗಾಡಿಗೂ ನಡುವೆ ಕಟ್ಟುತ್ತಾರೆ. ದುಭಾಷಿ ಇದ್ದ ಹಾಗೆ.

ನಿಮ್ಮ ನೀಲಿ ವ್ಯಾಗನ್ ಅದೇ. ಯಾರೋ ಹಾಳು ಮಾಡಿದ್ದಲ್ಲ. ಬಹುಶಃ ನಿಮ್ಮ ದೊಡ್ಡಪ್ಪನೇ ಮೈ ಕೆಟ್ಟ ಒಂದನ್ನು ಆರಿಸಿ, ಅದರ ಎರಡು ತುದಿ ಬದಲಿಸಿ, ಉಳಿದವನ್ನು ಮುಟ್ಟದೆ ಬಿಟ್ಟಿದ್ದಾರೆ. ಬೇಗ ಗುರುತು ಸಿಗಲಿ ಅಂತ ನೀಲಿ ಬಳಿದಿರಬಹುದು. ಆ ಬಣ್ಣ ಕೆರೆಯಬೇಡಿ. ಕರೆಂಟು ಹರಿಯುವ ದಾರಿ ಇದ್ದರೆ ಬೀಪ್ ಅನ್ನುವ ಮಲ್ಟಿಮೀಟರ್ ತಗೊಂಡು ವ್ಯಾಗನ್ನಿನ ಎಡ ಚಕ್ರಕ್ಕೆ ಒಂದು ಕಡ್ಡಿ, ಬಲ ಚಕ್ರಕ್ಕೆ ಇನ್ನೊಂದು ಕಡ್ಡಿ ತಾಗಿಸಿ. ಎರಡು ಆಕ್ಸಲ್‌ನಲ್ಲೂ ನೋಡಿ. ಬೀಪ್ ಬಂದರೆ ಹಳೇ ಚಕ್ರವೇ ಇದೆ, ನೀವು ಬದಲಿಸಬೇಕು. ಬರದಿದ್ದರೆ ಕ್ಯಾಲಿಪರ್ ಹಿಡಿದು ಒಳಮೈ ಅಂತರ ಅಳೆಯಿರಿ. 29 ಇದ್ದರೆ ಆ ಕೆಲಸವನ್ನೂ ಅವರು ಮಾಡಿಟ್ಟೇ ಹೋಗಿದ್ದಾರೆ, ನೀವು ಎಂಜಿನ್‌ಗೆ ಕಟ್ಟುವುದೊಂದೇ ಬಾಕಿ.